ಟೊಮೇಟೊ ಸಾಲಿನ ಕರಿ ಮೊಟ್ಟೆ

ಬೀದಿಯವರೆಲ್ಲ ಅವಳನ್ನು ಸೂಜಿಗಣ್ಣಿ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿತ್ತಲ ಬಾಗಿಲು ತೆರೆದರೆ ಮನೆಯವರ ಟೊಮೇಟೊ ತೋಟ. ಬಟ್ಟೆಯಲ್ಲಿ ತಪ್ಪಿದ ಹೊಲಿಗೆಯನ್ನು ಹಿಡಿದಷ್ಟೇ ಸಲೀಸಾಗಿ, ಕಾಯಿಕೊರಕ ಹುಳುವಿನ ಪತಂಗ ಎಲೆಯ ಮೇಲೆ ಇಟ್ಟುಹೋದ ಮೊಟ್ಟೆಯನ್ನೂ ಅವಳು ಹಿಡಿಯುತ್ತಿದ್ದಳು. ಗಸಗಸೆಗಿಂತ ಚಿಕ್ಕ ಬಿಳಿ ಮೊಟ್ಟೆ!

ಆ ಮೊಟ್ಟೆಯನ್ನು ಚುಚ್ಚಿ ಅದರೊಳಗೇ ತನ್ನ ಮೊಟ್ಟೆ ಇಡುವ ಪುಟಾಣಿ ಕಣಜವೊಂದಿದೆ, ಆಮೇಲೆ ಅಲ್ಲಿ ಹುಳು ಹುಟ್ಟುವುದೇ ಇಲ್ಲ, ಮೊಟ್ಟೆ ಕಪ್ಪಾಗುತ್ತದೆ ಎಂದು ಬೀಜದಂಗಡಿಯವನು ಹೇಳಿದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊರಬರಲು ಕಾದಿರುವ ಕಣಜಗಳಿದ್ದ ಮೊಟ್ಟೆಗಳನ್ನು ಅಂಟಿಸಿದ ರಟ್ಟಿನ ಚೀಟಿ ಕೊಂಡು ತಂದಳು. ಚೀಟಿ ಸುರುಳಿ ಸುತ್ತಿಕೊಂಡಿತ್ತು. ಸುಕ್ಕು ಕಂಡರೆ ಸುಮ್ಮನಿರದ ಕೈ ಅವಳದು. ಮೇಲೊಂದು ತೆಳುಬಟ್ಟೆ ಹಾಸಿ, ಜತನದಿಂದ ಇಸ್ತ್ರಿ ಹಾಕಿಬಿಟ್ಟಳು!

ಒಂದು ಕಣಜವೂ ಏಳಲಿಲ್ಲ.

"ಅತ್ತಿಗೆ ಆಮ್ಲೆಟ್ ಮಾಡಿಬಿಟ್ರು!" ಎಂದು ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳು ಇನ್ನೊಂದು ಚೀಟಿ ತಂದು, ತುಂಡು ಮಾಡಿ, ಎಲೆಗಳ ಕೆಳಗೆ ಗುಂಡುಪಿನ್ನು ಚುಚ್ಚಿ ನಿಲ್ಲಿಸಿದಳು. ವಾರ ಕಳೆದು ಹೋಯಿತು. ಅಲ್ಲೊಂದು ಇಲ್ಲೊಂದು ಕಾಯಿಯಲ್ಲಿ ತೂತು ಕಂಡಿದ್ದೇ ತಡ, ಮೈದುನ ಬೆಳಿಗ್ಗೆಯೇ ಸಿಂಪಡಿಸುವ ಪಂಪನ್ನು ಅಂಗಳಕ್ಕೆ ತಂದ.

"ನೀರು ತುಂಬೋ ತನಕ ಟೈಮು ಕೊಡ್ತೀನಿ. ಒಂದು ಕರಿ ಮೊಟ್ಟೆ ತೋರಿಸಿ. ಇಲ್ಲಾಂದ್ರೆ ಔಷಧಿ ಬೆರೆಸೋದೇ."

ಔಷಧಿ ಬಿದ್ದರೆ ಹುಳುವಿನ ಜೊತೆ ಕಣಜಗಳೂ ನೆಲ ಕಚ್ಚುತ್ತವೆ. ಅವಳು ಸೆರಗು ಸಿಕ್ಕಿಸಿ ಸಾಲಿನೊಳಗೆ ನುಗ್ಗಿದಳು. ಎಲೆ ಎತ್ತಿದಳು, ತಿರುಗಿಸಿದಳು. ಬಿಳಿ. ಮತ್ತೆ ಬಿಳಿ. ಒಂದು ಕಡೆ ಬರೀ ಧೂಳು. ಹಿಂದೆ ಕೊಳಾಯಿ ನೀರು ಪಂಪಿನೊಳಗೆ ಗಳಗಳ ಸುರಿಯುತ್ತಿತ್ತು.

ಕೊಳಾಯಿ ನಿಂತಿತು.

"ಅತ್ತಿಗೇ, ಬಾಟ್ಲಿ ಮುಚ್ಚಳ ತೆಗೆದೆ!"

"ತಡಿಯೋ! ಸಿಕ್ತು! ಸಿಕ್ತು ಕಣೋ!"

ಅವನು ಬಾಟಲಿ ಹಿಡಿದೇ ಬಂದು ಬಗ್ಗಿದ. "ಇದಾ? ಮಣ್ಣಿನ ಚುಕ್ಕೆ ಇದು."

"ಅತ್ತೇ, ನಿಮ್ಮ ಭೂತಗನ್ನಡಿ ತನ್ನಿ, ಬೇಗ!"

ಪೇಪರ್ ಓದುತ್ತಿದ್ದ ಅತ್ತೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಓಡಿಬಂದರು. ಗಾಜಿನ ಕೆಳಗೆ ಚುಕ್ಕೆ ದೊಡ್ಡದಾಯಿತು. ಗುಂಡಗೆ, ಇದ್ದಿಲಿನಷ್ಟು ಕಪ್ಪು. ಅದರ ನೆತ್ತಿಯಲ್ಲೊಂದು ತೂತು. ತೂತಿನಲ್ಲಿ ಏನೋ ಮಿಸುಕಿತು. ಮೊದಲು ತಲೆ, ಆಮೇಲೆ ಕಾಲು, ಆಮೇಲೆ ಒದ್ದೆ ರೆಕ್ಕೆ. ಕಣಜ!

"ಅಯ್ಯೋ, ಇಷ್ಟೇ ಇಷ್ಟಿದೆ ಕಣೇ! ಇದೇನಾ ಆ ಹುಳನ ಮುಗಿಸೋದು?" ಅತ್ತೆಯ ದನಿ ಕೀರಲಾಯಿತು.

"ಉಸಿರು ಬಿಡಬೇಡಿ ಅತ್ತೆ, ಹಾರಿಹೋಗುತ್ತೆ!"

ಮೈದುನ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ. ಅಮ್ಮನ ಕೈಯಿಂದ ಭೂತಗನ್ನಡಿ ಕಿತ್ತುಕೊಂಡು ಪಕ್ಕದ ಸಾಲಿಗೆ ಹಾರಿದ.

"ಲೋ, ಅದು ನಂದು ಕಣೋ!"

"ಒಂದ್ನಿಮಿಷ ಅಮ್ಮ! ಅತ್ತಿಗೆ, ಓಡಿ ಬನ್ನಿ, ಇಲ್ಲೂ ಕಪ್ಪಿದೆ! ಅಯ್ಯೋ, ಈ ಎಲೆಲಿ ಮೂರಿದೆ!"