ಬಿಸಿಲಿಗಿಟ್ಟ ಫ್ರೇಮು

ನಮ್ಮ ಸಂಘಟನೆಯ ಬ್ಯಾನರುಗಳೂ ಬಟ್ಟೆಯ ಚೀಲಗಳೂ ಅಚ್ಚಾಗುತ್ತಿದ್ದುದು ಬೈಲಹೊಂಗಲದ ಪೇಟೆಯಲ್ಲಿರುವ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ. ಅಲ್ಲಿ ಫ್ರೇಮು ತಯಾರಿಸುತ್ತಿದ್ದವಳು ನೇಸರಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳಾದ ಒಬ್ಬ ಹೆಂಗಸು.

ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಗೆ ಕಿತ್ತಳೆ ಬಣ್ಣದ ರಾಸಾಯನಿಕ ಕಲಸಿದ ಅಂಟನ್ನು ಬಳಿದು, ಕತ್ತಲೆಯಲ್ಲಿ ಒಣಗಿಸಿ, ಮೇಲೆ ಕಪ್ಪು ಅಕ್ಷರಗಳ ಹಾಳೆಯಿಟ್ಟು, ಮಾಳಿಗೆಯ ಬಿಸಿಲಿಗೆ ಹಿಡಿಯುತ್ತಿದ್ದಳು. ಬೆಳಕು ಬಿದ್ದಲ್ಲಿ ಅಂಟಿನ ಅಣುಗಳು ಒಂದನ್ನೊಂದು ಹಿಡಿದುಕೊಂಡು ಗಟ್ಟಿಯಾಗುತ್ತವೆ. ಅಕ್ಷರದ ನೆರಳಿನಲ್ಲಿ ಉಳಿದ ಅಂಟು ನೀರಿಗೆ ಕರಗಿ ಹೋಗುತ್ತದೆ. ಆ ತೆರವಿನಿಂದ ಬಣ್ಣ ಇಳಿದಾಗಲೇ ನಮ್ಮ ಘೋಷಣೆ ಮೂಡುವುದು. ಬಿಸಿಲು ಸಾಕಾಗಿದೆಯೋ ಇಲ್ಲವೋ ಎಂಬುದನ್ನು ಅವಳು ತೊಳೆಯುವಾಗ ಬೆರಳ ತುದಿಯಿಂದಲೇ ತಿಳಿಯುತ್ತಿದ್ದಳು.

ಆ ರಾಸಾಯನಿಕಕ್ಕೆ ಅದೇ ಬೆರಳುಗಳು ಸೀಳು ಬಿಟ್ಟಿದ್ದವು. ಗಿಣ್ಣುಗಳ ಮೇಲೆ ಮಾಯದ ಹುಣ್ಣುಗಳಿದ್ದವು. ರೇಷನ್ ಅಂಗಡಿಯ ಯಂತ್ರ ಗೆರೆ ಅಳಿಸಿದ ಅವಳ ಹೆಬ್ಬೆಟ್ಟನ್ನು ಗುರುತಿಸದೆ ಎರಡು ತಿಂಗಳು ಅಕ್ಕಿ ತಪ್ಪಿತ್ತು. ಅವಳ ಬದಲು ಹೆಬ್ಬೆಟ್ಟು ಒತ್ತಲು ಮನೆಯಲ್ಲಿದ್ದ ಇನ್ನೊಬ್ಬಳೆಂದರೆ ಹಾಸಿಗೆ ಹಿಡಿದ ಅತ್ತೆ.

"ಮಷೀನಿಗೆ ನಾ ಸತ್ತೇನಂತ ಕಾಣಸ್ತೈತ್ರಿ ಅಕ್ಕಾರ," ಎಂದು ನಕ್ಕಳು.

ನಾನು ರಬ್ಬರಿನ ಕೈಗವಸು ತಂದುಕೊಟ್ಟೆ. ಅವಳು ಒಂದೇ ಫ್ರೇಮು ತೊಳೆದು ತೆಗೆದಿಟ್ಟಳು.

"ಇದನ್ನ ಹಾಕ್ಕೊಂಡ್ರ ಅಂಟು ಜಾರತೈತೋ ಹಿಡದೈತೋ ಏನೂ ತಿಳಿಯೂದಿಲ್ರಿ. ನೀವು ರೊಟ್ಟಿ ಬಡಿಯುವಾಗ ಹಾಕ್ಕೊಂತೀರೇನ್ರಿ?"

ಆ ಪ್ರಶ್ನೆಗೆ ಉತ್ತರ ಹುಡುಕುವ ಬದಲು ನಾನು ಮಾಲೀಕರ ಎದುರು ನಿಂತೆ. ಹೆಸರಿನ ಚೀಟಿಯಿಲ್ಲದ ಡಬ್ಬಿಯ ರಾಸಾಯನಿಕ, ಒಂದೇ ಬಕೆಟ್ಟಿನ ನೀರು, ಗಾಳಿಯಾಡದ ಕೋಣೆ, ಹುಣ್ಣಾದರೂ ಇಲ್ಲದ ರಜೆ: ಒಂದನ್ನೂ ಬಿಡದೆ ಹೇಳಿದೆ. ಈ ಕೆಲಸವನ್ನು ಅವಳಿಂದ ಮಾಡಿಸುವುದೇ ಅಪರಾಧ ಎಂದೂ ಹೇಳಿದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳು ಒಳಗೆ ಫ್ರೇಮು ತೊಳೆಯುತ್ತಿದ್ದಳು. ನೀರಿನ ಸದ್ದು ನಿಂತದ್ದು ನನಗೆ ಕೇಳಿಸಿತ್ತು.

ಮುಂದಿನ ಬಾರಿ ಹೋದಾಗ ಅಂಗಡಿಯಲ್ಲಿ ಬಿಸಿಲಿನ ಬದಲು ಫ್ರೇಮಿಗೆ ಬೆಳಕು ಕೊಡುವ, ಬಲ್ಬುಗಳಿದ್ದ ಒಂದು ಪೆಟ್ಟಿಗೆ ಕೂತಿತ್ತು. ಗೊತ್ತುಮಾಡಿದ ಹೊತ್ತು ಮುಗಿದೊಡನೆ ತಾನೇ ಆರುತ್ತಿತ್ತು. ಅಂಟು ಬಾಟಲಿಯಲ್ಲಿ ಸಿದ್ಧವಾಗಿ ಬರುತ್ತಿತ್ತು. ಅವಳಿರಲಿಲ್ಲ.

"ಆಕಿ ಈ ಕೆಲಸಾ ಮಾಡಬಾರದಂತ ನೀವ ಹೇಳಿದ್ರಲ್ರಿ," ಎಂದರು ಮಾಲೀಕರು. "ಬಿಡಿಸಿದೆ."

ಅವರು ಮಾಡಿದ್ದು ಅನ್ಯಾಯ. ಅದನ್ನೂ ಅಂದೇ ಹೇಳಿದೆ. ಆದರೆ ನನ್ನ ಅಷ್ಟುದ್ದದ ಪಟ್ಟಿಯಲ್ಲಿ ಅವಳ ಬೇಡಿಕೆ ಒಂದೂ ಇರಲಿಲ್ಲ. ನಾನು ಅವಳನ್ನು ಕೇಳಿಯೇ ಇರಲಿಲ್ಲ.

ಹಲವು ತಿಂಗಳ ಮೇಲೆ ನೇಸರಗಿಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕೈ ಮುಂದೆ ಚಾಚಿ ತೋರಿಸಿದಳು: ಹುಣ್ಣು ಮಾಯ್ದು, ಬೆರಳಿನ ಗೆರೆಗಳು ಮತ್ತೆ ಮೂಡಿದ್ದವು.

"ರೇಷನ್ ಬರಾಕ ಹತ್ತೈತ್ರಿ."

"ಕೆಲಸ?"

"ಕರದ ದಿನಾ ಶೇಂಗಾ ಆರಸಾಕ ಹೋಗತೇನಿ. ಕರೀದ ದಿನಾ ಇಲ್ಲ."

ಮಾತಾಡುತ್ತಲೇ ನನ್ನ ಹೆಗಲಲ್ಲಿದ್ದ, ಆ ಪೆಟ್ಟಿಗೆ ಬಂದ ಮೇಲೆ ಅಚ್ಚಾದ ಚೀಲದ ಮೇಲಿನ ಅಕ್ಷರಗಳನ್ನು ಹೆಬ್ಬೆಟ್ಟಿನಿಂದ ಸವರಿದಳು.

"ಬೆಳಕು ಹೆಚ್ಚಾಗೇತ್ರಿ ಇದಕ್ಕ. ಸಣ್ಣ ಅಕ್ಷರ ಮುಚಕೊಂಡಾವು, ನೋಡ್ರಿ."

ನೋಡಿದೆ. ಖರೆಯೇ ಇತ್ತು. ಈ ಸಲ ಮೊದಲು ಅವಳನ್ನೇ ಕೇಳಿದೆ: "ನಾ ಮತ್ತ ಮಾಲೀಕರ ಕೂಡ ಮಾತಾಡ್ಲೇನ?"

ಅವಳು ಚೀಲದಿಂದ ಕೈ ತೆಗೆದಳು.

"ಬ್ಯಾಡ್ರಿ ಅಕ್ಕಾರ. ನೀವು ಮಾತಾಡಬ್ಯಾಡ್ರಿ."