ಕೋರಾಂಟಿ ಬೇಲಿಯ ಕೆಳಗಿನ ಮಣ್ಣು

ಮೊನ್ನೆ ಹೂವಿನವಳು ಕೊಟ್ಟ ಪೊಟ್ಟಣ ಬಿಚ್ಚಿದರೆ ಚೆಂಡುಹೂಗಳ ನಡುವೆ ಒಂದೇ ಒಂದು ಕೋರಾಂಟಿ ಹೂ ಸಿಕ್ಕಿತು. ಅರಿಸಿನಕ್ಕೆ ತುಸು ಕೇಸರಿ ಕಲಸಿದಂಥ ಬಣ್ಣ. ಮೂಗಿಗೆ ಹಿಡಿದೆ... ವಾಸನೆಯೇ ಇಲ್ಲ. ಆ ಹೂವಿಗೆ ವಾಸನೆ ಇದ್ದದ್ದಾದರೂ ಯಾವಾಗ? ಆದರೂ ಚಿಕ್ಕಮ್ಮ ಎಂಬ ಅರ್ಥದಲ್ಲಿ ನಾವು ಕಾಕು ಎನ್ನುತ್ತಿದ್ದ ಬಾಜೂಮನೆಯವರು ಕಣ್ಣ ಮುಂದೆ ಬಂದು ನಿಂತರು.

ನಾನು ಗಡಿಯಾಚೆಯ ನಿಲಂಗಾಕ್ಕೆ ಸೊಸೆಯಾಗಿ ಬಂದ ಹೊಸದು. ಅತ್ತೆಯ ಮನೆಗೂ ಕಾಕುವಿನ ಮನೆಗೂ ನಡುವೆ ಗೋಡೆ ಇರಲಿಲ್ಲ. ಕಾಕು ನೆಟ್ಟ ಎದೆಯೆತ್ತರದ ಕೋರಾಂಟಿ ಬೇಲಿ ಇತ್ತು. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ನನಗೆ ಹೂ ಬಿಡಿಸಿ ನೋಡುವ ಚಟ ಹಚ್ಚಿದ್ದರು. ಎದುರುಬದುರು ಎಲೆಗಳು, ಎಲೆಯ ಕಂಕುಳಲ್ಲಿ ಸೂಜಿಯಂಥ ಮೂರು ನಾಲ್ಕು ಮುಳ್ಳು. ಐದು ಎಸಳಲ್ಲಿ ನಾಲ್ಕು ಒಟ್ಟಿಗೆ, ಒಂದು ಮಾತ್ರ ಮುನಿಸಿಕೊಂಡಂತೆ ಕೆಳಗೆ. ನಡುವಿನಿಂದ ಹೊರಗೆ ಚಾಚಿದ ಎರಡು ಕೇಸರ. ಇದರದೇ ಕುಲದ ನೀಲಿ, ಬಿಳಿ ಹೂವಿನ ಗಿಡಗಳೂ ಅಲ್ಲಿದ್ದವು. ಅವು ಇಷ್ಟು ಚುಚ್ಚುತ್ತಿರಲಿಲ್ಲ. ನಾನು ಬಗ್ಗಿ ನೋಡುತ್ತ ನಿಂತರೆ ಕಾಕು ನಗುತ್ತಿದ್ದರು.

“ಏನವಾ ಇಂಗ್ಲಿಷ್ ಸೊಸಿ, ಹೂವಿನ ಹಲ್ಲು ಎಣಸಲಿಕತ್ತೀಯೇನ?”

ಆಮೇಲೆ ಮಳೆ ಕೈಕೊಟ್ಟಿತು, ಮರುವರ್ಷವೂ. ಕಾಕುವಿನ ಬಾವಿ ಬತ್ತಿತು. ನಮ್ಮ ಬೋರಿನಲ್ಲಿ ಸಣ್ಣಗೆ ನೀರು ಬರುತ್ತಿತ್ತು. ದಿನಾ ಬೆಳಗ್ಗೆ ನಮ್ಮ ಹಿತ್ತಾಳೆ ಕೊಡ ಬೇಲಿಯ ಸಂದಿನಿಂದ ತುಂಬಿಕೊಂಡು ಹೋಗಿ, ಮರಳುವಾಗ ತಳದಲ್ಲಿ ಒಂದು ಹಿಡಿ ಕೋರಾಂಟಿ ಹೂ ಹೊತ್ತು ಬರುತ್ತಿತ್ತು. ನಮ್ಮ ಕಡೆ ಯಾರ ಪಾತ್ರೆಯನ್ನೂ ಖಾಲಿ ಮರಳಿಸುವುದಿಲ್ಲ. ಅತ್ತೆಯ ಲಿಂಗಪೂಜೆಗೆ ಅದೇ ಹೂ.

ಚಳಿಗಾಲದಲ್ಲಿ ನಮ್ಮ ಮಲ್ಲಿಗೆ, ದಾಸವಾಳ ಎಲ್ಲ ನೀರಿಲ್ಲದೆ ಸುಟ್ಟುಹೋದರೂ ಕೋರಾಂಟಿ ಮೈತುಂಬ ಅರಳಿತು. ಅದೇ ಮುಳುವಾಯಿತು. ಒಂದು ಬೆಳಗ್ಗೆ ಅತ್ತೆ ಕೊಡವನ್ನು ಕಾಕುವಿನ ಕೈಗೆ ಕೊಡದೆ ಸಂದಿಗೆ ಅಡ್ಡ ನಿಂತರು.

“ಕುಡೀಲಿಕ್ಕಂತ ಒಯ್ತಿ, ಮುಳ್ಳಕಂಟಿಗಿ ಹೊಯ್ತಿ. ಇಲ್ಲಂದ್ರ ಇಂಥಾ ಬರದಾಗ ಹೂ ಹ್ಯಾಂಗ ಬಿಡ್ತದ?”

“ಹೊಯ್ದಿಲ್ಲರೀ ಅಕ್ಕಾ. ಅದರ ಗುಣಾನ ಹಂಗದ.”

“ನನಗ ಶಾಣ್ಯಾತನ ಹೇಳಬ್ಯಾಡ. ನೀರು ಬಂದ್.”

ಕಾಕು ಬರಿಗೈಯಲ್ಲಿ ತಿರುಗಿ ಹೋದರು. ಅತ್ತೆ ಸಂದಿಗೆ ಜಾಲಿಮುಳ್ಳು ಬಡಿಸಿದರು. ನನಗೆ ಆ ಕಡೆ ಮುಖ ತೋರಿಸಲು ನಾಚಿಕೆ...

ಮಧ್ಯಾಹ್ನ ಬೇಲಿಯ ಬುಡಕ್ಕೆ ಕೂತು ನೋಡಿದೆ. ಹಿಟ್ಟಿನಂಥ ಒಣ ಹುಡಿಮಣ್ಣು. ಅದರ ತುಂಬ ಬಟ್ಟಲಿನಂಥ ಸಣ್ಣ ಸಣ್ಣ ಕುಳಿಗಳು. ಇರುವೆ ಜಾರಿ ಬೀಳಲೆಂದು ಹುಳುಗಳು ತೋಡಿಕೊಂಡವು. ಒಂದು ಚೊಂಬು ನೀರು ಬಿದ್ದಿದ್ದರೂ ಒಂದು ಕುಳಿಯೂ ಉಳಿಯುತ್ತಿರಲಿಲ್ಲ.

“ಅತ್ತೀ, ಇಲ್ಲಿ ಬರ್ರಿ” ಎಂದೆ.

ಅತ್ತೆ ಬಂದು ಕುಕ್ಕರಗಾಲಲ್ಲಿ ಕೂತರು. ಬೆರಳು ಊರಿದರು. ಮಣ್ಣು ಗಾಳಿಗೆ ಹಾರಿತು. ಎದ್ದು, ಜಾಲಿಮುಳ್ಳನ್ನು ತಾವೇ ಕಿತ್ತರು; ಅಂಗೈ ಹರಿಯಿತು. ಕೊಡ ತುಂಬಿಸಿ ತಾವೇ ಹೊತ್ತು ಕಾಕುವಿನ ಕಟ್ಟೆಯ ಮೇಲಿಟ್ಟರು. “ನೀರು ತಗೋ” ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಹೊರಡಲಿಲ್ಲ.

ಮರುದಿನ ಕೊಡ ನಮ್ಮ ಕಟ್ಟೆಯ ಮೇಲಿತ್ತು. ತಳದಲ್ಲಿ ಹೂವಿರಲಿಲ್ಲ. ಅಂಚಿನ ತನಕ ನೀರಿತ್ತು... ಸ್ವಲ್ಪ ಕೆಂಪಗೆ, ಟ್ಯಾಂಕರಿನದು. ಕಾಕು ಪಾಳಿಯಲ್ಲಿ ನಿಂತು ತಂದ ನೀರು. ಅದನ್ನು ಕುಡಿಯುವ ಧೈರ್ಯ ನಮಗಾಗಲಿಲ್ಲ, ಚೆಲ್ಲುವ ಧೈರ್ಯವೂ. ಅತ್ತೆ ಅದರ ಮೇಲೊಂದು ತಾಟು ಮುಚ್ಚಿ ಒಳಗೆ ಹೋದರು.

ಕಾಕು ಆಮೇಲೂ ನನ್ನೊಂದಿಗೆ ನಗುತ್ತ ಮಾತಾಡಿದರು. ನಮ್ಮ ನೀರು ಮಾತ್ರ ಮತ್ತೆ ಮುಟ್ಟಲಿಲ್ಲ. ಅವರ ಗಂಡ ಕಾಕಾ ತಮ್ಮ ಬಟ್ಟೆ ಅಂಗಡಿಯನ್ನು ಉದಗೀರಕ್ಕೆ ಸಾಗಿಸಿದಾಗ ಆ ಮನೆಯವರೆಲ್ಲ ಊರು ಬಿಟ್ಟು ಹೋದರು. ಅತ್ತೆಯೂ ಈಗಿಲ್ಲ.

ಈ ಸಲದ ಲಗ್ನದ ಹಂಗಾಮಿನಲ್ಲಿ, ಕಾಸಾರಶಿರಸಿಯ ಒಂದು ಮದುವೆಯ ಊಟದ ಪಂಗತಿಯಲ್ಲಿ, ಬಡಿಸುತ್ತಿದ್ದ ಹೆಂಗಸೊಬ್ಬಳು ನನ್ನ ಗುರುತು ಹಿಡಿದಳು. ಆಗ ಶಾಲೆಗೆ ಹೋಗುತ್ತಿದ್ದ ಕಾಕುವಿನ ಮಗಳು.

“ಕಾಕು ಹ್ಯಾಂಗಿದ್ದಾರ?”

“ಅವ್ವ ಹೋದ ವರ್ಷ ತೀರಕೊಂಡಳ್ರೀ ವೈನಿ. ಕಡೀತನಕ ಹೇಳ್ತಿದ್ದಳು, ಬರಗಾಲದಾಗ ನಿಮ್ಮನಿ ನೀರೇ ನಮ್ಮನ್ನ ಉಳಿಸಿದ್ದು ಅಂತ.”

ನಾವು ನೀರು ನಿಲ್ಲಿಸಿದ್ದನ್ನು ಮಕ್ಕಳಿಗೂ ಹೇಳಿರಲಿಲ್ಲ ಆಕೆ. ನಾನು ಎಲೆಯಿಂದ ತಲೆ ಎತ್ತಲಿಲ್ಲ. ನನ್ನ ಊಟ ನಿಂತದ್ದು ನೋಡಿ ಕಾಕುವಿನ ಮಗಳು ಲೋಟಕ್ಕೆ ನೀರು ತುಂಬಿಸಿ ಮುಂದಿಟ್ಟಳು.

“ಕುಡೀರಿ ವೈನಿ, ಸಂಕೋಚ ಮಾಡಬ್ಯಾಡ್ರಿ.”

ಕುಡಿದೆ.