ಟೈಲರಮ್ಮ ನಲ್ಲಿ ಹಾಕಿದ್ದು

ಆ ಬೀದಿಯಲ್ಲಿ ಟೈಲರಮ್ಮ ಎಂದರೆ ಎಲ್ಲರಿಗೂ ಗೊತ್ತು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಯಾವ ಹೊತ್ತಿಗೆ ಹೋದರೂ ತುಟಿಗಳ ನಡುವೆ ಎರಡು ಗುಂಡುಸೂಜಿ. ಮೂವತ್ತು ವರ್ಷ ಅವಳು ಬೀದಿಯವರ ಬಟ್ಟೆ ಹೊಲಿದಳು, ಅವಳ ಗಂಡ ಬೀದಿಯವರ ನಲ್ಲಿಗಳನ್ನು ರಿಪೇರಿ ಮಾಡಿದ.

ಗಂಡನ ಕೆಲಸಕ್ಕಿಂತ ಅವನ ಬಾಯಿಯೇ ಹೆಚ್ಚು ಹೆಸರುವಾಸಿ. ಸುಮ್ಮನೆ ಒಂದು ನಟ್ಟು ತಿರುಗಿಸಿದವನಲ್ಲ. ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ನೋಡಿ, ಮೊದಲು ವಾಲ್ವ್ ಮುಚ್ಚಬೇಕು. ಆಮೇಲೆ ನಲ್ಲಿ ತೆಗೆದು ಪೈಪಲ್ಲಿ ಉಳಿದಿರೋ ನೀರು ಬಿಡಬೇಕು. ಇಗೋ, ಈ ವಾಷರ್ ಸವೆದಿದೆ. ಮುಂದಿನ ಸಲ ನನ್ನ ಕರೀಬೇಡಿ, ನೀವೇ ಮಾಡ್ಕೊಳ್ಳಿ" ಎಂದು ಪಾಠ ಹೇಳುತ್ತಿದ್ದ. ತನ್ನ ಗಿರಾಕಿಗಳನ್ನು ತಾನೇ ಕಳೆದುಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. ಹೀಗೆ ಅರ್ಧ ಬೀದಿ ವಾಷರ್ ಬದಲಾಯಿಸಲು ಕಲಿಯಿತು. ಅವನ ಹೆಂಡತಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ಅವಳ ಅಡುಗೆಮನೆಯ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಕೇಳಿದಾಗಲೆಲ್ಲ "ನಾಳೆ ಮಾಡ್ತೀನಿ" ಎನ್ನುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಅವನ ಕೈ ನಡುಗತೊಡಗಿತು. ಡಾಕ್ಟರು ಮಾತ್ರೆ ಕೊಟ್ಟರು, ನಡುಕ ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದರು. ಅಂದೇ ಅವನು ಕೆಲಸದ ಚೀಲವನ್ನು ಬೀರುವಿನ ಮೇಲಿಟ್ಟ, ಅದರ ಜೊತೆಗೆ ಮಾತನ್ನೂ ಬಿಟ್ಟ. ಊಟಕ್ಕೆ ಕರೆದರೆ ಬರುತ್ತಾನೆ, ಏನಾದರೂ ಕೇಳಿದರೆ "ಹೂಂ" ಎನ್ನುತ್ತಾನೆ, ಅಷ್ಟೆ. ಕೈಗೇನೋ ಮಾತ್ರೆಯಿದೆ, ಬಾಯಿಗೆ ಯಾವ ಡಾಕ್ಟರ ಹತ್ತಿರ ಹೋಗುವುದು? ಟೈಲರಮ್ಮನಿಗೆ ನಡುಗುವ ಕೈ ಕಂಡು ಭಯವಿರಲಿಲ್ಲ, ಈ ಮೌನ ಕಂಡು ಭಯವಿತ್ತು. ಈ ಮನುಷ್ಯ ಹೀಗೇ ಉಳಿದುಬಿಟ್ಟರೆ ತನ್ನ ಗತಿಯೇನು ಎಂದು ಹೊಲಿಯುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಆ ಅಡುಗೆಮನೆಯ ನಲ್ಲಿಯ ಹಿಡಿ ಅವಳ ಕೈಗೇ ಕಿತ್ತುಬಂತು. ನೀರು ಸಣ್ಣಗೆ ಸುರಿಯತೊಡಗಿತು.

"ರೀ, ನಲ್ಲಿ ಹೋಯ್ತು."

"ಬೇರೆ ಯಾರನ್ನಾದ್ರೂ ಕರಿ," ಎಂದು ಗಂಡ ಗೋಡೆಯ ಕಡೆ ಮುಖ ತಿರುಗಿಸಿದ.

ಟೈಲರಮ್ಮನಿಗೆ ರೇಗಿತು. "ಯಾರನ್ನೂ ಕರೆಯಲ್ಲ. ನಾನೇ ಹಾಕ್ತೀನಿ," ಎಂದವಳೇ ಸ್ಟೂಲು ಹತ್ತಿ ಬೀರುವಿನ ಮೇಲಿನ ಚೀಲ ಇಳಿಸಿದಳು. ಒಳಗೆ, ಎಂದೂ ಬಾರದ ಆ ನಾಳೆಗೆಂದು ತಂದಿಟ್ಟ ಹೊಸ ನಲ್ಲಿ ಕಾಗದವನ್ನೂ ಬಿಚ್ಚದೆ ಕುಳಿತಿತ್ತು. ಹಳೆಯ ನಲ್ಲಿಗೆ ಸ್ಪ್ಯಾನರ್ ಸಿಕ್ಕಿಸಿ ಬಲವಾಗಿ ತಿರುಗಿಸಿದಳು. ನಾಲ್ಕು ಸಲ ತಿರುಗಿಸುವಷ್ಟರಲ್ಲಿ ನಲ್ಲಿ ಕಳಚಿ ಸಿಂಕಿಗೆ ಬಿತ್ತು, ಗೋಡೆಯಿಂದ ಚಿಮ್ಮಿದ ನೀರು ನೇರ ಅವಳ ಮುಖಕ್ಕೆ ಹೊಡೆಯಿತು. ಬೇಕೆಂದೇ ವಾಲ್ವ್ ಮುಚ್ಚಲಿಲ್ಲ ಎಂದು ಯಾರೂ ತಿಳಿಯಬಾರದು. ಪಾಪ, ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ವಾಲ್ವ್ ಮುಚ್ಚೇ, ವಾಲ್ವ್," ಎಂದು ಕೋಣೆಯಿಂದ ಗಂಡ ಕೂಗಿದ.

"ಎಲ್ಲಿದೆ ಅದು?"

"ಸಿಂಕಿನ ಕೆಳಗೆ, ಮೂಲೇಲಿ. ಬಲಕ್ಕೆ ತಿರುಗಿಸು. ಮೂವತ್ತು ವರ್ಷದಿಂದ ಈ ಮನೇಲಿದ್ದೀಯ, ವಾಲ್ವ್ ಎಲ್ಲಿದೆ ಅಂತ ಗೊತ್ತಿಲ್ವಾ?"

"ಬೀದಿಗೆಲ್ಲ ಪಾಠ ಹೇಳಿದ್ರಿ, ನಂಗೆ ಹೇಳಿದ್ರಾ?"

ನೀರು ನಿಂತಿತು. ಅಷ್ಟರಲ್ಲಿ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ. ತಲೆಯಿಂದ ಕಾಲಿನವರೆಗೆ ತೊಯ್ದ ಹೆಂಡತಿಯನ್ನು ನೋಡಿ ತುಟಿ ಕಚ್ಚಿಕೊಂಡ, ಸ್ಟೂಲು ಎಳೆದುಕೊಂಡು ಕುಳಿತ. ವಾಲ್ವ್ ಗೊತ್ತಿಲ್ವಾ ಎಂದು ಬೈದದ್ದೇ ನಾಲ್ಕು ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು. ಟೈಲರಮ್ಮನಿಗೆ ಆ ಬೈಗುಳ ಕೇಳಿ ಹಿಗ್ಗೋ ಹಿಗ್ಗು.

ಹೊಸ ನಲ್ಲಿಯ ತಿರುಪಿಗೆ ಬಿಳಿ ಟೇಪು ಸುತ್ತಬೇಕೆಂಬುದು ಅವಳಿಗೆ ನೋಡಿ ಗೊತ್ತಿತ್ತು. ಸುತ್ತುವುದೆಂದರೆ ಅವಳಿಗೆ ನೀರು ಕುಡಿದಷ್ಟು ಸುಲಭ. ಹತ್ತು ಸುತ್ತು ನೀಟಾಗಿ ಸುತ್ತಿ, ನಲ್ಲಿ ಬಿಗಿದು, ಜಂಬದಿಂದ ವಾಲ್ವ್ ತೆರೆದಳು. ನಲ್ಲಿಯ ಬುಡದಲ್ಲಿ ನೀರು ಜಿನುಗಿತು. ಇನ್ನೊಮ್ಮೆ ಬಿಗಿದಳು. ಮತ್ತೂ ಜಿನುಗಿತು.

"ಮುಚ್ಚು, ಬಿಚ್ಚಿ ತೋರಿಸು," ಎಂದ ಗಂಡ. ಟೇಪೆಲ್ಲ ಮುದ್ದೆಯಾಗಿ ಒಂದು ಕಡೆ ಸೇರಿತ್ತು. "ಯಾವ ಕಡೆ ಸುತ್ತಿದೆ?"

ಅವಳು ಬೆರಳಾಡಿಸಿ ತೋರಿಸಿದಳು.

"ಅದೇನು ಬಾಬಿನ್ನಾ?" ಎಂದವನಿಗೆ ನಗು ತಡೆಯಲಾಗಲಿಲ್ಲ. "ನಲ್ಲಿ ಬಲಕ್ಕೆ ತಿರುಗಿ ಒಳಗೆ ಹೋಗತ್ತೆ, ಟೇಪನ್ನೂ ಬಲಕ್ಕೇ ಸುತ್ತಬೇಕು. ನೀನು ದಾರ ಸುತ್ತೋ ಹಾಗೆ ಎಡಕ್ಕೆ ಸುತ್ತಿದ್ದೀಯ, ನಲ್ಲಿ ತಿರುಗಿದ ಹಾಗೆಲ್ಲ ಅದು ಬಿಚ್ಚಿಕೊಂಡಿದೆ."

ಮೂವತ್ತು ವರ್ಷ ಬಾಬಿನ್‌ಗೆ ದಾರ ಸುತ್ತಿದ ಕೈ ಬಲಕ್ಕೆ ತಿರುಗಲು ಒಪ್ಪಲೇ ಇಲ್ಲ. ಕೊನೆಗೆ ಗಂಡ ಅವಳ ಕೈಯನ್ನು ಹಿಡಿದು ತಿರುಗಿಸಿ ತೋರಿಸಿದ. ಅವನ ಕೈ ನಡುಗುತ್ತಿತ್ತು, ಅದಕ್ಕೆ ಅವಳ ಕೈಯೂ ನಡುಗಿತು. ಇಬ್ಬರೂ ಅದನ್ನು ನೋಡಿದರು, ಸುತ್ತುವುದನ್ನು ಮುಂದುವರಿಸಿದರು. ಎರಡನೇ ಸಲ ವಾಲ್ವ್ ತೆರೆದಾಗ ಬುಡದಲ್ಲಿ ಒಂದು ಹನಿಯೂ ಕಾಣಲಿಲ್ಲ. ಗಂಡ ಅಲ್ಲಿ ಒಣ ಕಾಗದ ಒತ್ತಿ, ಬೆಳಕಿಗೆ ಹಿಡಿದು ನೋಡಿದ. "ಪರವಾಗಿಲ್ಲ," ಎಂದ. ಅವನ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ಅದಾದ ಮೂರನೇ ದಿನ ಎದುರುಮನೆಯ ಟೀಚರ್ ಬಂದರು. ಅವರ ಫ್ಲಶ್ ಟ್ಯಾಂಕಿನಲ್ಲಿ ನೀರು ನಿಲ್ಲದೆ ಹರಿಯುತ್ತಿತ್ತು. "ಅಣ್ಣ, ನಿಮ್ಮ ಕೈಲಿ ಆಗಲ್ಲ ಅಂತ ಗೊತ್ತು. ಬೇರೆ ಯಾರಾದ್ರೂ ಇದ್ರೆ ಹೇಳಿ," ಎಂದರು.

ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಮತ್ತೆ ಗೋಡೆಯ ಕಡೆ ತಿರುಗಿಬಿಡುತ್ತಾನೋ ಏನೋ.

ಗಂಡ ಸ್ವಲ್ಪ ಹೊತ್ತು ತನ್ನ ಕೈಗಳನ್ನು ನೋಡಿಕೊಂಡ. "ಬೇರೆಯವರು ಯಾಕೆ? ಇವಳು ಮಾಡ್ತಾಳೆ, ನಾನು ಹೇಳ್ತೀನಿ," ಎಂದು ಎದ್ದು ಚಪ್ಪಲಿ ಮೆಟ್ಟಿದ.

ಟೈಲರಮ್ಮ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿದಳು. ಗಂಡ ಟೀಚರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಶುರುಮಾಡಿದ. ನೀರು ತುಂಬಿದ ಹಾಗೆ ಒಳಗಿನ ತೇಲುವ ಚೆಂಡು ಮೇಲೇಳಬೇಕು, ಆಗ ನೀರು ತಾನಾಗಿ ನಿಲ್ಲುತ್ತದೆ, ಇಲ್ಲಿ ಚೆಂಡು ಪಕ್ಕಕ್ಕೆ ತಾಗಿ ಸಿಕ್ಕಿಕೊಂಡಿದೆ, ಅದರ ಕಡ್ಡಿಯನ್ನು ತುಸು ಬಗ್ಗಿಸಿದರೆ ಸಾಕು. ಅಷ್ಟಕ್ಕೆ ನಿಲ್ಲಲಿಲ್ಲ. ಚೆಂಡಿನಿಂದ ತಾರಸಿಯ ಮೇಲಿನ ಟ್ಯಾಂಕಿಗೆ ಹೋದ, ಅಲ್ಲಿಂದ ಬೀದಿಯ ಪೈಪಿಗೆ ಇಳಿದ, ಪಾಪ, ಟೀಚರ್ ತಲೆಯಾಡಿಸಿ ಆಡಿಸಿ ಸುಸ್ತಾದರು.

"ರೀ," ಎಂದಳು ಟೈಲರಮ್ಮ, ಕಡ್ಡಿ ಹಿಡಿದುಕೊಂಡೇ, "ಒಂದು ನಿಮಿಷ ಬಾಯಿ ಮುಚ್ಕೊಂಡಿರ್ತೀರಾ?"

ಅವನು ಮುಚ್ಚಲಿಲ್ಲ. ಟೈಲರಮ್ಮ ಟ್ಯಾಂಕಿನೊಳಗೆ ಇನ್ನಷ್ಟು ಬಗ್ಗಿ, ಯಾರಿಗೂ ಕಾಣದ ಹಾಗೆ ನಕ್ಕಳು.